ಮಗಳ ಹೆಸರಿನ ಕ್ಷುದ್ರಗ್ರಹ

ಮಗಳ ಹೆಸರನ್ನು ದುಡ್ಡು ಕೊಟ್ಟು ಕ್ಷುದ್ರಗ್ರಹಕ್ಕೆ ಇಡಿಸಬಹುದಾ ಎಂದು ಕೇಳಿದ್ದೀರಿ. ಆಗುವುದಿಲ್ಲ. ಯಾರಾದರೂ ಮಾರುತ್ತೇವೆ ಅಂದರೆ ದಯವಿಟ್ಟು ನಂಬಬೇಡಿ.

ಕ್ಷುದ್ರಗ್ರಹದ ಕಕ್ಷೆ (ಸೂರ್ಯನನ್ನು ಸುತ್ತುವ ದಾರಿ) ಖಚಿತವಾಗಿ ಅದಕ್ಕೊಂದು ಸಂಖ್ಯೆ ಸಿಕ್ಕ ಮೇಲೆ, ಹೆಸರು ಸೂಚಿಸಲು ಕಂಡುಹಿಡಿದವರಿಗೆ 10 ವರ್ಷ ಅವಕಾಶ ಇರುತ್ತದೆ. ಒಪ್ಪುವುದು ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಸಮಿತಿ. ಕಂಡುಹಿಡಿದವರು ತಮ್ಮದೇ ಹೆಸರು ಇಟ್ಟುಕೊಳ್ಳುವಂತಿಲ್ಲ. ರಾಜಕಾರಣಿಯಾದರೆ ತೀರಿಕೊಂಡು 100 ವರ್ಷ ಆಗಿರಬೇಕು. ಈ ನಿಯಮ ನನಗೆ ತುಂಬಾ ಇಷ್ಟ.

ನಮ್ಮವರ ಉದಾಹರಣೆ ಬೇಕಾ? 4130 ರಾಮಾನುಜನ್. ಗಣಿತಜ್ಞನ ಹೆಸರಿನ ಇದನ್ನು 1988ರಲ್ಲಿ ತಮಿಳುನಾಡಿನ ಕಾವಲೂರಿನ ವೀಕ್ಷಣಾಲಯದಲ್ಲಿ ಆರ್. ರಾಜಮೋಹನ್ ಕಂಡುಹಿಡಿದರು. ಆ ವೀಕ್ಷಣಾಲಯವನ್ನು ನಡೆಸುವುದು ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ. ಎಷ್ಟು ಹೆಮ್ಮೆ ಅಲ್ವಾ!

ಮಗಳಿಗೆ ವಿಜ್ಞಾನ ಇಷ್ಟವಿದ್ದರೆ ಇದನ್ನೂ ಕೇಳಿ. ಅಮೆರಿಕದಲ್ಲಿ ನಡೆಯುವ ಶಾಲಾ ಮಕ್ಕಳ ಅಂತರರಾಷ್ಟ್ರೀಯ ವಿಜ್ಞಾನ ಮೇಳ ಐಸೆಫ್‌ನಲ್ಲಿ ಗೆದ್ದ ಎಷ್ಟೋ ಮಕ್ಕಳ ಹೆಸರನ್ನು, ಅಲ್ಲಿನ ಸಂಶೋಧನಾ ಸಂಸ್ಥೆ ಎಂಐಟಿ ಲಿಂಕನ್ ಲ್ಯಾಬ್ ತಾನು ಕಂಡುಹಿಡಿದ ಕ್ಷುದ್ರಗ್ರಹಗಳಿಗೆ ಇಡಿಸಿದೆ.