ಆ ಹತ್ತು ನಿಮಿಷವನ್ನು ಅಳಿಸಿಕೊಡಿ ಎಂದು ಬಂದವರು

ಸಂಬಂಧಪಟ್ಟವರ ಲಿಖಿತ ಒಪ್ಪಿಗೆ ಪಡೆದು, ಗುರುತು ಹತ್ತದಂತೆ ಊರು, ಉದ್ಯೋಗ ಮತ್ತು ಕುಟುಂಬದ ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ನೆನಪನ್ನೇ ಅಳಿಸುವ ಔಷಧ ಬಂದಿದೆಯೆಂಬ ಸುದ್ದಿಯನ್ನು ಮೊಬೈಲಿನಲ್ಲಿ ಓದಿಕೊಂಡು ಆಪ್ತಸಲಹೆಗಾರ್ತಿಯಾದ ನನ್ನ ಬಳಿಗೆ ಬಂದವರು ಇವರೊಬ್ಬರೇ ಅಲ್ಲ. ಆ ಸುದ್ದಿಯ ಹಿಂದೆ ನಿಜವಾದ ವಿಜ್ಞಾನವಿದೆ, ಆದರೆ ಆ ವಿಜ್ಞಾನ ಹೇಳುತ್ತಿರುವುದು ಬೇರೆಯದನ್ನು.

ಬಂದವರು 38 ವರ್ಷದ ಶಾಲಾ ಶಿಕ್ಷಕಿ, ಮಲೆನಾಡಿನವರು. ಏಳು ತಿಂಗಳ ಹಿಂದೆ ತಂದೆಯನ್ನು ಕಣ್ಣಿನ ತಪಾಸಣೆಗೆಂದು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೊರಟಿದ್ದಾಗ, ತಿರುವಿನಲ್ಲಿ ಎದುರಾದ ಟಿಪ್ಪರ್ ಲಾರಿಗೆ ದಾರಿ ಬಿಡಲು ಹೋಗಿ ಗಾಡಿ ಜಾರಿತ್ತು. ಇವರ ಭುಜದ ಮೂಳೆ ಮುರಿಯಿತು. ತಂದೆಯ ತಲೆಗೆ ಪೆಟ್ಟಾಗಿ, ಆಂಬುಲೆನ್ಸ್ ಬರುವವರೆಗಿನ ಹತ್ತು ನಿಮಿಷ ಇವರ ಮಡಿಲಲ್ಲೇ ಮಲಗಿದ್ದು, ಆಸ್ಪತ್ರೆ ಮುಟ್ಟುವ ಮೊದಲೇ ತೀರಿಕೊಂಡರು. ಕೈಗೆ ಪಟ್ಟಿ ಕಟ್ಟಿಕೊಂಡೇ ಹದಿಮೂರು ದಿನದ ಕಾರ್ಯಗಳನ್ನೆಲ್ಲ ಇವರೇ ಮುಂದೆ ನಿಂತು ನಡೆಸಿದರಂತೆ, ಅತ್ತದ್ದೂ ಕಡಿಮೆ. ವೈಕುಂಠ ಸಮಾರಾಧನೆ ಮುಗಿದು ನೆಂಟರು ಹೊರಟುಹೋದ ಮೇಲೆ, ರಾತ್ರಿ ಬೆಚ್ಚಿಬಿದ್ದು ಏಳುವುದು, ಗಾಳಿ ಬ್ರೇಕಿನ ‘ಬುಸ್’ ಶಬ್ದ ಕೇಳಿದೊಡನೆ ಅಂಗೈ ಬೆವರುವುದು, ಪಾಠದ ನಡುವೆ ಆ ತಿರುವು ಕಣ್ಣೆದುರು ಬಂದು ನಿಲ್ಲುವುದು ಶುರುವಾಯಿತು. ಸ್ಕೂಟರ್ ಮುಟ್ಟಲಿಲ್ಲ, ಬಸ್ಸನ್ನೂ ಬಿಟ್ಟರು, 4 ಕಿಲೋಮೀಟರ್ ದೂರದ ಶಾಲೆಗೆ ನಡೆದೇ ಹೋಗತೊಡಗಿದರು. “ಆಗ ಅಷ್ಟು ಗಟ್ಟಿಯಾಗಿದ್ದವಳಿಗೆ ಈಗ ಹೊಸದಾಗಿ ಏನು ಬಂತು?” ಎಂದು ಮನೆಯ ಹಿರಿಯರೊಬ್ಬರು ಕೇಳಿದ ಮಾತು ಅವರನ್ನು ಅಪಘಾತದಷ್ಟೇ ನೋಯಿಸಿತ್ತು.

ಮೊದಲ ಭೇಟಿಯಲ್ಲಿ ಅವರು ಕೇಳಿದ್ದು ಇಷ್ಟು: “ಮೇಡಂ, ಅಪ್ಪ ನನಗೆ ಬೇಕು. ಆ ಹತ್ತು ನಿಮಿಷ ಮಾತ್ರ ಬೇಡ. ಅದನ್ನು ಅಳಿಸುವ ಮಾತ್ರೆ ಬಂದಿದೆಯಂತಲ್ಲ, ಅದನ್ನು ಕೊಡಿಸಿ.” ಚೀಲದಿಂದ ತೆಗೆದು ಮೇಜಿನ ಮೇಲಿಟ್ಟದ್ದು ಪ್ರೊಪ್ರನಲಾಲ್ ಮಾತ್ರೆಯ ಒಂದು ಪಟ್ಟಿ. ತಮ್ಮ ಅದನ್ನು ಚೀಟಿಯಿಲ್ಲದೆಯೇ ಔಷಧದ ಅಂಗಡಿಯಿಂದ ತಂದುಕೊಟ್ಟಿದ್ದ. ಇನ್ನೂ ಒಂದನ್ನೂ ನುಂಗಿರಲಿಲ್ಲ. ಅದೇ ಚೀಲದಲ್ಲಿ ಉಬ್ಬಸಕ್ಕೆ ಸೇದುವ ಪಂಪು ಇತ್ತು.

ಅಂದು ನಾನು ಮೊದಲು ಮಾತಾಡಿದ್ದು ನೆನಪಿನ ಬಗ್ಗೆ ಅಲ್ಲ, ಆ ಪಂಪಿನ ಬಗ್ಗೆ. ಪ್ರೊಪ್ರನಲಾಲ್ ರಕ್ತದೊತ್ತಡಕ್ಕೆ, ಮೈಗ್ರೇನ್ ತಲೆನೋವಿಗೆ, ಕೈನಡುಕಕ್ಕೆ ವೈದ್ಯರು ಬಹಳ ಕಾಲದಿಂದ ಬರೆದುಕೊಡುತ್ತಿರುವ ಔಷಧವೇ ಹೌದಾದರೂ, ಅದು ಶ್ವಾಸನಾಳಗಳನ್ನು ಬಿಗಿಗೊಳಿಸಬಲ್ಲದು, ಉಬ್ಬಸವಿದ್ದವರಲ್ಲಿ ಪ್ರಾಣಕ್ಕೇ ಅಪಾಯ ತರಬಹುದು. ಮಾತ್ರೆಯ ಪಟ್ಟಿಯನ್ನು ನನ್ನ ಬಳಿಯೇ ಬಿಟ್ಟುಹೋಗಲು ಅವರು ಒಪ್ಪಿದರು. ಬದುಕು ಬೇಡ ಅನಿಸುತ್ತಿದೆಯೇ ಎಂದೂ ಅದೇ ದಿನ ನೇರವಾಗಿ ಕೇಳಿದೆ. ಇಂಥ ಪ್ರಶ್ನೆಯನ್ನು ಸುತ್ತಿಬಳಸಿ ಕೇಳಬಾರದು. “ಅಪ್ಪನ ಬದಲು ನಾನು ಹೋಗಬೇಕಿತ್ತು ಅನಿಸುತ್ತದೆ, ಆದರೆ ಮಗಳಿದ್ದಾಳೆ” ಎಂದರು. ಮನೋವೈದ್ಯರಿಗೆ ಪತ್ರ ಬರೆದು ಕಳಿಸಿದೆ. ಅವರು ಆಘಾತದ ನಂತರದ ಒತ್ತಡದ ಕಾಯಿಲೆ, ಅಂದರೆ ಪಿಟಿಎಸ್‌ಡಿ ಎಂದು ಗುರುತಿಸಿ, ಖಿನ್ನತೆ, ಆತಂಕಗಳಿಗೂ ಕೊಡುವ ಸರ್ಟ್ರಲೀನ್ ಎಂಬ ಮಾತ್ರೆ ಆರಂಭಿಸಿ, ಮಾತಿನ ಚಿಕಿತ್ಸೆಗೆ ನನ್ನ ಬಳಿಗೇ ಮರಳಿ ಕಳಿಸಿದರು.

ಶಿಕ್ಷಕಿಯಾದ್ದರಿಂದ ಅವರಿಗೆ ಕಾರಣ ತಿಳಿಯದೆ ಯಾವುದನ್ನೂ ಒಪ್ಪುವ ಸ್ವಭಾವವಿರಲಿಲ್ಲ. ಎರಡನೆಯ ಭೇಟಿಯನ್ನು ಪೂರ್ತಿ ಇದಕ್ಕೇ ಕೊಟ್ಟೆ. 2000ನೇ ಇಸವಿಯ ನೊಬೆಲ್ ಪ್ರಶಸ್ತಿಯನ್ನು ಇನ್ನಿಬ್ಬರೊಡನೆ ಹಂಚಿಕೊಂಡ ಎರಿಕ್ ಕ್ಯಾಂಡೆಲ್, ಸುಮಾರು 20,000 ನರಕೋಶಗಳಷ್ಟೇ ಇರುವ ಅಪ್ಲೀಸಿಯಾ ಎಂಬ ಕಡಲ ಜೀವಿಯಲ್ಲಿ ತೋರಿಸಿಕೊಟ್ಟದ್ದು ಇದನ್ನು: ಬಾಲಕ್ಕೆ ಒಮ್ಮೆ ವಿದ್ಯುತ್ ತಾಗಿಸಿದರೆ ಆ ಎಚ್ಚರ ಕೆಲವು ನಿಮಿಷ ಮಾತ್ರ ಉಳಿಯುತ್ತದೆ, ಏಕೆಂದರೆ ನರಕೋಶಗಳು ಸೇರುವ ಸಂಧಿಯಲ್ಲಿ ಆಗಲೇ ಇದ್ದ ಪ್ರೋಟೀನುಗಳು ತುಸು ಹೊತ್ತು ಬದಲಾಗುತ್ತವೆ, ಅಷ್ಟೆ. ಬಿಟ್ಟು ಬಿಟ್ಟು ಹಲವು ಬಾರಿ ತಾಗಿಸಿದರೆ ಸಂದೇಶ ಕೋಶದ ನಡುವಿನ ಬೀಜದವರೆಗೂ ಹೋಗಿ, ಕ್ರೆಬ್ ಎಂಬ ಪ್ರೋಟೀನು ಕೆಲವು ಜೀನುಗಳನ್ನು ಎಚ್ಚರಿಸಿ, ಹೊಸ ಪ್ರೋಟೀನುಗಳು ತಯಾರಾಗಿ, ಹೊಸ ಸಂಧಿಗಳೇ ಬೆಳೆಯುತ್ತವೆ. ಆಗ ನೆನಪು ದಿನಗಟ್ಟಲೆ ನಿಲ್ಲುತ್ತದೆ. ಕ್ಯಾಂಡೆಲ್ ವಿಯೆನ್ನಾದ ಯಹೂದಿ ಕುಟುಂಬದ ಹುಡುಗ. 1938ರ ನವೆಂಬರಿನಲ್ಲಿ, 9ನೆಯ ಹುಟ್ಟುಹಬ್ಬ ಕಳೆದ ಎರಡೇ ದಿನಕ್ಕೆ, ನಾಜಿ ಪೊಲೀಸರು ಬಾಗಿಲು ಬಡಿದು ಮನೆಯಿಂದ ಹೊರಗಟ್ಟಿದ್ದನ್ನು ಮರೆಯಲಾಗದೆ, ತನ್ನ ಮುಂದಿನ ಆಸಕ್ತಿಯನ್ನು ಆ ದಿನಗಳಿಗೇ ಜೋಡಿಸಿ ಹೇಳಿಕೊಂಡವರು. ಈ ಸಂಗತಿಯನ್ನು ನನ್ನ ಬಳಿ ಬರುವವರಿಗೆ ನಾನು ಹೇಳುವುದುಂಟು, ನೋವಿನ ನೆನಪು ಹೊತ್ತವರು ಒಡೆದ ಮನುಷ್ಯರಲ್ಲ ಎಂಬುದಕ್ಕಾಗಿ.

ಹಾಗೆ ಗಟ್ಟಿಯಾದ ನೆನಪು ಕಲ್ಲಿನಲ್ಲಿ ಕೊರೆದಂತೆ ಎಂದೇ ಬಹುಕಾಲ ನಂಬಲಾಗಿತ್ತು. 2000ದಲ್ಲಿ ಕರೀಮ್ ನಾದರ್, ಗ್ಲೆನ್ ಶಾಫೆ ಮತ್ತು ಜೋಸೆಫ್ ಲೆಡೂ ಇಲಿಗಳ ಮೇಲೆ ಮಾಡಿದ ಪ್ರಯೋಗ ಆ ನಂಬಿಕೆಯನ್ನು ಅಲುಗಾಡಿಸಿತು. ಒಂದು ಶಬ್ದ ಕೇಳಿದರೆ ಪೆಟ್ಟು ಬೀಳುತ್ತದೆಂದು ಕಲಿತ ಇಲಿಗೆ ಅದೇ ಶಬ್ದವನ್ನು ಮತ್ತೆ ಕೇಳಿಸಿ, ಆಗಲೇ ಅಮಿಗ್ಡಲಾ ಎಂಬ ಭಯದ ಕೇಂದ್ರದಲ್ಲಿ ಪ್ರೋಟೀನ್ ತಯಾರಿಕೆಯನ್ನು ತಡೆಯುವ ಔಷಧ ಹಾಕಿದರೆ, ಮುಂದೆ ಆ ಶಬ್ದಕ್ಕೆ ಅದು ಹೆದರಲಿಲ್ಲ. ಶಬ್ದ ಕೇಳಿಸದೆ ಔಷಧ ಮಾತ್ರ ಹಾಕಿದರೆ ಭಯ ಹಾಗೆಯೇ ಉಳಿಯಿತು. ಅಂದರೆ ನೆನಪಿಸಿಕೊಂಡ ನೆನಪು ಸ್ವಲ್ಪ ಹೊತ್ತು ಮೆತ್ತಗಾಗಿ, ಮತ್ತೆ ಹೊಸದಾಗಿ ಗಟ್ಟಿಯಾಗಬೇಕಾಗುತ್ತದೆ. ಇಲ್ಲಿಯವರೆಗೆ ಕೇಳಿದ ಅವರು, “ಅಚ್ಚುಬೆಲ್ಲವನ್ನು ಮತ್ತೆ ಕಾಯಿಸಿದ ಹಾಗೆ, ಅಲ್ಲವೇ?” ಎಂದರು. ಇದಕ್ಕಿಂತ ಒಳ್ಳೆಯ ಹೋಲಿಕೆ ನನಗೆ ಹೊಳೆದಿರಲಿಲ್ಲ.

ಆದರೆ ಇಲಿಯ ಮೆದುಳಿಗೆ ಹಾಕಿದ ಆ ಔಷಧವನ್ನು ಮನುಷ್ಯರಿಗೆ ಕೊಡಲಾಗದು. ಪ್ರೊಪ್ರನಲಾಲ್ ಪ್ರಯೋಗಕ್ಕೆ ಬಂದದ್ದು ಆ ಕಾರಣಕ್ಕೆ. 2009ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಮೆರೆಲ್ ಕಿಂಟ್ ಅವರ ತಂಡ ಅದನ್ನು, ಒಂದು ಚಿತ್ರ ಕಂಡರೆ ಶಾಕ್ ಬರುತ್ತದೆಂದು ಕಲಿತ ಆರೋಗ್ಯವಂತ ಸ್ವಯಂಸೇವಕರಿಗೆ ಕೊಟ್ಟು ನೋಡಿದಾಗ, ಆ ಚಿತ್ರ ನೋಡಿ ಬೆಚ್ಚುವುದು ನಿಂತಿತ್ತು, ಆದರೆ ಆ ಚಿತ್ರದ ನಂತರ ಶಾಕ್ ಬರುತ್ತದೆಂಬ ತಿಳಿವಳಿಕೆ ಅವರಲ್ಲಿ ಹಾಗೆಯೇ ಇತ್ತು. 2018ರಲ್ಲಿ ಮಾಂಟ್ರಿಯಲ್ಲಿನ ಅಲೆನ್ ಬ್ರುನೆ ಅವರ ತಂಡ 60 ಮಂದಿ ಪಿಟಿಎಸ್‌ಡಿ ರೋಗಿಗಳಲ್ಲಿ, ಮಾತ್ರೆಯ ಜೊತೆಗೆ ಘಟನೆಯನ್ನು ನೆನೆಯುವ ಆರು ವಾರದ ಚಿಕಿತ್ಸೆಯಿಂದ ಗುಣ ಕಂಡಿತು. ಕಿಂಟ್ ಅವರ ಫಲ ಮುಂದಿನ ಪ್ರಯೋಗಗಳಲ್ಲೆಲ್ಲ ಮರುಕಳಿಸಲಿಲ್ಲ. ಇವೆಲ್ಲದರಲ್ಲಿ ಯಾವುದೂ ಘಟನೆಯನ್ನು ಅಳಿಸಿದ್ದಲ್ಲ, ಘಟನೆಗೆ ಅಂಟಿದ ಉರಿಯನ್ನು ತಗ್ಗಿಸಲು ನೋಡಿದ್ದು. ಇದನ್ನು ಹೇಳಿದಾಗ ಆಕೆ ತುಂಬ ಹೊತ್ತು ಸುಮ್ಮನಿದ್ದು, “ಹಾಗಾದರೆ ಅಪ್ಪ ಕೊನೆಗೆ ಆಡಿದ ಮಾತು ಹೋಗುವುದಿಲ್ಲ” ಎಂದರು. ಅದು ಅವರಿಗೆ ಬೇಕಾದ ಮಾತೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ತಲೆ ಮಡಿಲಲ್ಲಿದ್ದಾಗ ಅಪ್ಪ ಕೇಳಿದ್ದು, “ನಿನಗೇನೂ ಆಗಲಿಲ್ಲ ತಾನೇ, ಮಗಾ?”

ಹಿರಿಯರು ಆಡಿದ ಮಾತಿಗೂ ಉತ್ತರ ಕೊಡಬೇಕಿತ್ತು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಸುಮಂತ್ರ ಚಟರ್ಜಿ ಅವರ ತಂಡ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಲಿಗಳನ್ನು ಒಂದೇ ಸಲ ಎರಡು ಗಂಟೆ ಅಲುಗಾಡದಂತೆ ಹಿಡಿದಿಟ್ಟಾಗ ಮರುದಿನ ಹೆಚ್ಚಿನ ಆತಂಕ ಕಾಣಲಿಲ್ಲ. ಹತ್ತು ದಿನ ಕಳೆದ ಮೇಲೆ ಕಂಡಿತು, ಅಮಿಗ್ಡಲಾದ ನರಕೋಶಗಳಲ್ಲಿ, ಸಂಧಿಗಳು ಕೂಡುವ ಮುಳ್ಳಿನಂಥ ಹೊಸ ಚಾಚುಗಳೂ ಮೂಡಿದ್ದವು. ಇಲಿಯ ಹತ್ತು ದಿನವನ್ನು ಮನುಷ್ಯರ ಹದಿಮೂರು ದಿನಕ್ಕೆ ನೇರವಾಗಿ ಹೊಂದಿಸಲು ಬರುವುದಿಲ್ಲ, ಹಾಗೆ ಹೊಂದಿಸಿ ನಾನು ಹೇಳಲೂ ಇಲ್ಲ. ಆದರೂ ತಡವಾಗಿ ಬಂದ ಭಯ ನಾಟಕವಲ್ಲ, ಮೆದುಳಿನಲ್ಲಿ ಕೆಲವು ಬದಲಾವಣೆಗಳು ಸಮಯ ತೆಗೆದುಕೊಂಡೇ ಬೆಳೆಯುತ್ತವೆ ಎಂಬುದನ್ನು ಅವರ ಪತಿಯನ್ನೂ ತಮ್ಮನನ್ನೂ ಕೂರಿಸಿಕೊಂಡು ವಿವರಿಸಿದೆ. ಅದೇ ತಂಡ 2004ರಲ್ಲಿ ಕಂಡಿದ್ದ ಇನ್ನೊಂದು ಸಂಗತಿಯನ್ನೂ ಹೇಳಿದೆ: ಹತ್ತು ದಿನದ ಒತ್ತಡದ ನಂತರ 21 ದಿನ ವಿಶ್ರಾಂತಿ ಕೊಟ್ಟಾಗ, ಘಟನೆಗಳ ನೆನಪು ಕಟ್ಟುವ ಹಿಪೊಕ್ಯಾಂಪಸ್ ಎಂಬ ಮೆದುಳಿನ ಭಾಗದ ನರಕೋಶಗಳು ಚೇತರಿಸಿಕೊಂಡವು, ಅಮಿಗ್ಡಲಾದ ಬದಲಾವಣೆಯೂ ಆತಂಕವೂ ಮಾತ್ರ ಇಳಿಯಲಿಲ್ಲ. ಸುಮ್ಮನೆ ಬಿಟ್ಟರೆ ತಾನಾಗಿ ಸರಿಹೋಗುತ್ತದೆಂದು ಕಾದು ಕೂರುವುದು ಎಲ್ಲರಿಗೂ ಹೊಂದುವ ಮಾತಲ್ಲವೆನ್ನಲು ನನಗೆ ಇದು ನೆರವಾಯಿತು.

“ನನ್ನ ಮೆದುಳು ಕುಗ್ಗಿದೆಯೇ? ಸ್ಕ್ಯಾನ್ ಮಾಡಿಸಲೇ?” ಎಂದು ಅವರು ಒಮ್ಮೆ ಕೇಳಿದರು. ಈ ಕಾಯಿಲೆಯನ್ನು ಗುರುತಿಸುವ ಸ್ಕ್ಯಾನ್ ಆಗಲಿ ರಕ್ತಪರೀಕ್ಷೆಯಾಗಲಿ ಇಲ್ಲ. ದುಡ್ಡು ಖರ್ಚು ಮಾಡಬೇಡಿ ಎಂದೆ.

ಚಿಕಿತ್ಸೆ 12 ಭೇಟಿಗಳಲ್ಲಿ ನಡೆಯಿತು. ಎಡ್ನಾ ಫೋವಾ ರೂಪಿಸಿದ ಕ್ರಮವನ್ನು ಅನುಸರಿಸಿದೆ: ಕಣ್ಣು ಮುಚ್ಚಿ, ಆ ಹತ್ತು ನಿಮಿಷವನ್ನು ಈಗಲೇ ನಡೆಯುತ್ತಿರುವಂತೆ ಹೇಳುವುದು, ಅದನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡು ದಿನವೂ ಒಮ್ಮೆ ಮನೆಯಲ್ಲಿ ಕೇಳುವುದು, ಜೊತೆಗೆ ದೂರವಿಟ್ಟ ವಸ್ತುಗಳಿಗೂ ಜಾಗಗಳಿಗೂ ಮೆಟ್ಟಿಲು ಮೆಟ್ಟಿಲಾಗಿ ಹತ್ತಿರವಾಗುವುದು. ಮೊದಲ ವಾರ ನಿಂತಿರುವ ಸ್ಕೂಟರಿನ ಮೇಲೆ ಕೂರುವುದಷ್ಟೇ ಕೆಲಸವಾಗಿತ್ತು. ನಾಲ್ಕನೆಯ ಭೇಟಿಯ ನಂತರ ಕನಸುಗಳು ಹೆಚ್ಚಾದವು. ಹೀಗಾಗಬಹುದೆಂದು ಮೊದಲೇ ಹೇಳಿದ್ದರಿಂದ ಅವರು ಬಿಟ್ಟುಹೋಗಲಿಲ್ಲ. ಆರನೆಯ ಭೇಟಿಯಲ್ಲಿ ಹೇಳುತ್ತ ಹೇಳುತ್ತ ತಟ್ಟನೆ ನಿಂತು, ಬಸ್ಸಿನಲ್ಲಿ ವಾಂತಿಯಾಗುತ್ತದೆ, ಸ್ಕೂಟರಿನಲ್ಲೇ ಹೋಗೋಣ ಎಂದು ಹಟ ಹಿಡಿದದ್ದು ಅಪ್ಪ ಎಂದರು. ಅಲ್ಲಿಯವರೆಗೆ ಅದು ತನ್ನ ಹಟವೆಂದೇ ಅವರ ಕಥೆಯಲ್ಲಿತ್ತು. ನಾನು ಆ ಮಾತನ್ನು ಹಿಗ್ಗಿನಿಂದ ಹಿಡಿದುಕೊಳ್ಳಲಿಲ್ಲ. ಮೆತ್ತಗಾದ ನೆನಪಿನೊಳಗೆ ಸುಳ್ಳೂ ಸೇರಿಕೊಳ್ಳಬಹುದು, ಸಲಹೆಗಾರರ ಒಂದು ಪ್ರಶ್ನೆಯೇ ಅದಕ್ಕೆ ಸಾಕು. 2013ರಲ್ಲಿ ಸುಸುಮು ಟೊನೆಗಾವಾ ಅವರ ಪ್ರಯೋಗಾಲಯ ಇಲಿಗಳಲ್ಲಿ ನಡೆಯದ ಘಟನೆಯ ಭಯವನ್ನೇ ಹುಟ್ಟಿಸಿ ತೋರಿಸಿತ್ತು. ಶಿಕ್ಷಕಿಗೆ ತಮ್ಮ ತಾಯಿಯನ್ನು ಕೇಳಿ ಬರಲು ಹೇಳಿದೆ, ಉತ್ತರ ಏನೇ ಬಂದರೂ ನಿಮ್ಮ ತಪ್ಪಿನ ಲೆಕ್ಕ ಬದಲಾಗುವುದಿಲ್ಲ, ಟಿಪ್ಪರ್ ಬಂದದ್ದು ನಿಮ್ಮ ನಿರ್ಧಾರದಿಂದಲ್ಲ ಎಂದೂ ಹೇಳಿ ಕಳಿಸಿದೆ. ತಾಯಿ ಹೌದೆಂದರಂತೆ.

ಮನೆಯವರಿಗೆ ಕೊಟ್ಟ ಸಲಹೆ ಹೀಗಿತ್ತು. “ಮರೆತುಬಿಡು” ಎನ್ನಬೇಡಿ, ಅಪ್ಪನ ಹೆಸರನ್ನು ಎತ್ತದೆಯೂ ಇರಬೇಡಿ. ಅವರು ನಡೆದು ಹೋಗುವ ದಾರಿಯಲ್ಲಿ ಜೊತೆಗೆ ಹೋಗುವುದು ಪ್ರೀತಿಯೇ ಆದರೂ, ವಾರ ವಾರ ಒಂದೊಂದು ಹೆಜ್ಜೆ ಹಿಂದೆ ಸರಿಯಿರಿ. ಸರ್ಟ್ರಲೀನ್ ಫಲ ಕೊಡಲು ಕೆಲವು ವಾರ ಬೇಕು, ಹಾಯಾಗಿದೆಯೆಂದು ತಾವಾಗಿ ನಿಲ್ಲಿಸಬಾರದು. ನಿದ್ದೆಗೆಂದು ಅಂಗಡಿಯಿಂದ ಯಾವ ಮಾತ್ರೆಯನ್ನೂ ತರಬಾರದು. ನಡುರಾತ್ರಿ ತೀರ ಕಷ್ಟವಾದರೆ ಟೆಲಿ-ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿಯ 14416ಕ್ಕೆ ಕರೆ ಮಾಡಿ, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಹತ್ತನೆಯ ಭೇಟಿಯ ಹೊತ್ತಿಗೆ ಅವರು ಬಸ್ಸಿನಲ್ಲಿ ಶಾಲೆಗೆ ಹೋಗುತ್ತಿದ್ದರು, ಹನ್ನೊಂದನೆಯ ವಾರ ತಮ್ಮನ ಬೈಕಿನಲ್ಲಿ ಹಿಂದೆ ಕೂತು ಆ ತಿರುವನ್ನು ದಾಟಿ ಬಂದರು. ಸ್ಕೂಟರನ್ನು ತಾವೇ ಓಡಿಸುವುದು ಇನ್ನೂ ಆಗಿಲ್ಲ, ಟಿಪ್ಪರ್ ಹಿಂದಿನಿಂದ ಬಂದರೆ ಈಗಲೂ ಮೈ ಬಿಗಿಯುತ್ತದೆ. ಬೆಲ್ಲದ ಹೋಲಿಕೆ ಪೂರ್ತಿ ಹೊಂದುವುದಿಲ್ಲವೆಂದು ಕೊನೆಯ ಭೇಟಿಯಲ್ಲಿ ಒಪ್ಪಿಕೊಂಡು ಹೇಳಿದೆ: ನಮ್ಮ ಚಿಕಿತ್ಸೆಯಲ್ಲಿ ಹಳೆಯ ನೆನಪು ಕರಗಿ ಹೊಸ ಅಚ್ಚಿಗೆ ಬಿದ್ದದ್ದೆಷ್ಟು, ಹಳೆಯದು ಹಾಗೇ ಇದ್ದು ಪಕ್ಕದಲ್ಲಿ ಧೈರ್ಯದ ಹೊಸ ಕಲಿಕೆ ಬೆಳೆದದ್ದೆಷ್ಟು ಎಂದು ಒಬ್ಬ ವ್ಯಕ್ತಿಯಲ್ಲಿ ಬೇರ್ಪಡಿಸಿ ತೋರಿಸಲು ಸಾಧ್ಯವಿಲ್ಲ; ಎರಡನೆಯದೇ ಹೆಚ್ಚಿದ್ದರೆ ಭಯ ಮತ್ತೆ ತಲೆಯೆತ್ತಬಹುದು, ವರ್ಷದ ತಿಥಿಯಂಥ ದಿನಗಳಲ್ಲಿ ವಿಶೇಷವಾಗಿ. ಹಾಗಾಗಿ ತಿಥಿಗೆ ಒಂದು ವಾರ ಮೊದಲು ಒಂದು ಭೇಟಿ, ಮುಗಿದ ವಾರಕ್ಕೆ ಇನ್ನೊಂದು ಎಂದು ದಿನ ಗೊತ್ತುಮಾಡಿಕೊಂಡೆವು. ಧ್ವನಿಮುದ್ರಣವನ್ನು ಅಳಿಸಬಹುದೇ ಎಂದು ನಾನೇ ಕೇಳಿದಾಗ, ತಿಥಿ ಕಳೆಯಲಿ, ಅಮ್ಮನಿಗೆ ಅಪ್ಪನ ಆ ಒಂದು ಮಾತನ್ನು ಹೇಳಬೇಕಿದೆ, ಆಮೇಲೆ ನೋಡುತ್ತೇನೆ ಎಂದರು.