ಲಾಸ್ ವೇಗಸ್‌ನ ಗಾಳಿ, ಕುಂಡದ ಕರಿಬೇವು

ಲಾಸ್ ವೇಗಸ್‌ನ ನಿಮ್ಮ ಮನೆಯ ಹೊರಗೆ ಕುಂಡದಲ್ಲಿಟ್ಟ ಕರಿಬೇವಿನ ಎಲೆ ಗಾಳಿಯ ದಿನದ ನಂತರ ಉದುರಿದ್ದೇಕೆ ಅಂತ ಕೇಳಿದ್ದಿರಿ. ಮೋಡ, ಮಳೆ ಏನೂ ಇಲ್ಲದೆ ದಿನವಿಡೀ ಗಾಳಿ ಬೀಸಿ ಮರುದಿನ ತಣ್ಣಗಾಯಿತು ಅಂದಿರಲ್ಲ, ಅದು ಕೋಲ್ಡ್ ಫ್ರಂಟ್, ಅಂದರೆ ಬೆಚ್ಚಗಿನ ಗಾಳಿಯನ್ನು ತಳ್ಳಿಕೊಂಡು ಬರುವ ತಣ್ಣನೆ ಗಾಳಿಯ ಮುಂಚೂಣಿ. ಅಕ್ಟೋಬರ್‌ನಲ್ಲಿ ಲಾಸ್ ವೇಗಸ್‌ಗೆ ಇದು ಮಾಮೂಲು. ಪೆಸಿಫಿಕ್‌ನಿಂದ ಬರುವ ತೇವವನ್ನೆಲ್ಲ ಹೆಚ್ಚುಕಮ್ಮಿ ನಮ್ಮ ಪಶ್ಚಿಮಕ್ಕೆ ಕ್ಯಾಲಿಫೋರ್ನಿಯಾದಲ್ಲಿರುವ ಸಿಯೆರಾ ನೆವಾಡಾ ಬೆಟ್ಟಸಾಲೇ ಹೀರಿಕೊಳ್ಳುತ್ತದೆ. ನಮ್ಮ ಪಾಲಿಗೆ ಬರೀ ಗಾಳಿ, ಧೂಳು.

ನಿಮ್ಮ ಕರಿಬೇವಿನ ಎಲೆ ಉದುರಿದ್ದು ಗಾಳಿಗೋ ಚಳಿಗೋ ಫೋಟೊ ಇಲ್ಲದೆ ಖಚಿತವಾಗಿ ಹೇಳಲಾರೆ. ಎಲೆಯ ಅಂಚು ಕಂದಾಗಿ ಗರಿಗರಿ ಆಗಿದ್ದರೆ ಬಹುಶಃ ಒಣಗಾಳಿ. ಪೂರ್ತಿ ಹಳದಿಯಾಗಿ ಬಿದ್ದಿದ್ದರೆ ಚಳಿ ಇರಬಹುದು.

ಮುಂದಿನ ಸಲ ಗಾಳಿಯ ಮುನ್ಸೂಚನೆ ಬಂದಾಗ ಹಿಂದಿನ ಸಂಜೆಯೇ ಚೆನ್ನಾಗಿ ನೀರು ಹಾಕಿ. ಒದ್ದೆ ಮಣ್ಣಿನ ಕುಂಡ ಸುಲಭಕ್ಕೆ ಉರುಳುವುದೂ ಇಲ್ಲ. ಆಮೇಲೆ ಕುಂಡವನ್ನು ಮನೆಯ ಪೂರ್ವದ ಗೋಡೆಗೆ ಒತ್ತಿಸಿ ಇಡಿ. ಫ್ರಂಟ್ ಬರುವ ಮುಂಚೆ ಗಾಳಿ ಸಾಮಾನ್ಯವಾಗಿ ನೈಋತ್ಯದಿಂದ, ದಾಟಿದ ಮೇಲೆ ಉತ್ತರದಿಂದ. ನಾನು ಮೊದಲ ವರ್ಷ ದಕ್ಷಿಣದ ಗೋಡೆಗೆ ಇಟ್ಟು ಗಿಡದ ತುದಿ ಮುರಿಸಿಕೊಂಡೆ! ಸುತ್ತ ನಾಲ್ಕು ಇಟ್ಟಿಗೆ ಇಟ್ಟರೆ ಇನ್ನೂ ಭದ್ರ.

ಗಾಳಿ ನಿಂತ ಮೇಲಿನ ರಾತ್ರಿಗಳೇ ಜಾಸ್ತಿ ತಣ್ಣಗಿರುತ್ತವೆ, ಅಲ್ಲಿ ಮೋಸ ಹೋಗಬೇಡಿ. ರಾತ್ರಿಯ ಉಷ್ಣತೆ 50 ಫ್ಯಾರನ್‌ಹೀಟ್, ಅಂದರೆ 10 ಸೆಲ್ಸಿಯಸ್‌ಗಿಂತ ಕೆಳಗೆ ಇಳಿಯುತ್ತೆ ಅಂದರೆ ಗಿಡ ಒಳಗೆ ತನ್ನಿ. ಹೀಟರ್ ಗಾಳಿ ತಾಗದ, ಬಿಸಿಲು ಬೀಳುವ ಕಿಟಕಿ ಸಾಕು. ಒಳಗಿರುವಾಗ ಮೇಲ್ಮಣ್ಣು ಒಣಗಿದ ಮೇಲಷ್ಟೇ ನೀರು.