‘ಗರ್ಭಕೋಶ ಇನ್ಯಾಕೆ’ ಅಂದರೆ ತಲೆಯಾಡಿಸಬೇಡಿ

ಆಕೆಗೆ 43 ವರ್ಷ. ಮೂತ್ರಕೋಶದ ಕ್ಯಾನ್ಸರ್ ಸ್ನಾಯುವಿನ ಪದರಕ್ಕೂ ಇಳಿದಿತ್ತು. ಕೀಮೋ ಮುಗಿದಿತ್ತು, ಮೂತ್ರಕೋಶ ತೆಗೆಯುವ ಆಪರೇಷನ್ ಬಾಕಿ ಇತ್ತು. (ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.)

ನನ್ನ ಹತ್ತಿರ ಬಂದಾಗ ಮೊದಲೆಲ್ಲ, ಮೂತ್ರಕೋಶ ತೆಗೆದ ಮೇಲೆ ಮೂತ್ರ ಸೇರಲು ಹೊಟ್ಟೆಗೆ ಅಂಟಿಸುವ ಚೀಲದ್ದೇ ಮಾತು. ಸೋರಿದರೆ? ವಾಸನೆ ಬಂದರೆ? ಫೋನ್ ಬಂತೆಂದು ಗಂಡ ಎದ್ದು ಹೋದ ಮೇಲೆ ಆಕೆ ದನಿ ತಗ್ಗಿಸಿದರು. ‘ಮೇಡಂ, ಇದಾದ ಮೇಲೆ ನಾವು ಗಂಡ-ಹೆಂಡತಿ ಥರ ಇರೋಕೆ ಆಗುತ್ತಾ? ಜೀವ ಉಳಿದರೆ ಸಾಕು ಅನ್ನೋ ಹೊತ್ತಲ್ಲಿ ಇದನ್ನ ಕೇಳಬಾರದು, ಗೊತ್ತು.’

ಕೇಳಲೇಬೇಕು, ಅದೂ ಆಪರೇಷನ್‌ಗೆ ಮೊದಲೇ ಕೇಳಬೇಕು. ಏನು ತೆಗೆಯುವುದು, ಏನು ಉಳಿಸುವುದು ಎಂಬುದು ಬಹುತೇಕ ಆಗಲೇ ತೀರ್ಮಾನವಾಗುತ್ತದೆ. ನಾನು ಕಂಡಂತೆ ಗಂಡಸರಿಗೆ ‘ನಿಮಿರುವಿಕೆಯ ನರ ಉಳಿಸಲು ನೋಡುತ್ತೇವೆ’ ಎಂಬ ಮಾತಾದರೂ ಸಿಗುತ್ತದೆ. ಹೆಂಗಸರನ್ನು ಈ ವಿಷಯ ಕೇಳುವವರೇ ಕಡಿಮೆ. ಇದು ನನಗೆ ತುಂಬಾ ನೋವು ಕೊಡುವ ಸಂಗತಿ. ಈಕೆಗೂ ‘ಮಕ್ಕಳಾಗಿವೆಯಲ್ಲ, ಗರ್ಭಕೋಶ ಇನ್ಯಾಕೆ’ ಎಂದಷ್ಟೇ ಹೇಳಿದ್ದರಂತೆ. ಆಕೆ ತಲೆಯಾಡಿಸಿ ಬಂದಿದ್ದರು.

ನಾನು ಹಾಳೆ ಮೇಲೆ ಚಿತ್ರ ಬರೆದು ತೋರಿಸಿದೆ. ಹಳೆಯ ಪದ್ಧತಿಯಲ್ಲಿ ಮೂತ್ರಕೋಶದ ಜೊತೆಗೆ ಮೂತ್ರ ಹೊರಬರುವ ನಾಳ, ಗರ್ಭಕೋಶ, ಅಂಡಾಶಯ, ಯೋನಿಯ ಮುಂದಿನ ಗೋಡೆ ಎಲ್ಲವನ್ನೂ ತೆಗೆಯುತ್ತಾರೆ. ಗೋಡೆ ಹೋದರೆ ಯೋನಿ ಕಿರಿದಾಗುತ್ತದೆ, ಇಲ್ಲವೇ ಗಿಡ್ಡವಾಗುತ್ತದೆ. ಸುಖಕ್ಕೂ ಒದ್ದೆಗೂ ಬೇಕಾದ ನರಗಳು ಯೋನಿಯ ಎರಡೂ ಪಕ್ಕದಲ್ಲೇ ಹಾದುಹೋಗುತ್ತವೆ, ಅವಕ್ಕೂ ಪೆಟ್ಟಾಗಬಹುದು. ಮುಟ್ಟು ನಿಲ್ಲದ ವಯಸ್ಸಲ್ಲಿ ಎರಡೂ ಅಂಡಾಶಯ ತೆಗೆದರೆ ಮೈ ಬಿಸಿಯೇರುವುದು, ನಿದ್ದೆ ಕೆಡುವುದು, ಯೋನಿ ಒಣಗುವುದು ಒಮ್ಮೆಲೇ ಶುರುವಾಗಬಹುದು.

ಗಡ್ಡೆ ಮೂತ್ರಕೋಶದ ಹಿಂಗೋಡೆಯಲ್ಲಾಗಲಿ ಅದರ ಕತ್ತಿನಲ್ಲಾಗಲಿ (ಮೂತ್ರ ಹೊರಬರುವ ನಾಳ ಶುರುವಾಗುವ ಜಾಗ) ಇಲ್ಲದಿದ್ದರೆ, ಹೊರಗೆ ಹರಡಿಲ್ಲದಿದ್ದರೆ, ಇವನ್ನು ಉಳಿಸುವ ಆಪರೇಷನ್ ಹಲವರಿಗೆ ಸಾಧ್ಯ. ಎಲ್ಲರಿಗೂ ಅಲ್ಲ. ಮನೆತನದಲ್ಲಿ ಅಂಡಾಶಯದ ಕ್ಯಾನ್ಸರ್ ಇದ್ದರೆ ಲೆಕ್ಕವೇ ಬೇರೆ. ಕ್ಯಾನ್ಸರ್ ಪೂರ್ತಿ ತೆಗೆಯುವುದೇ ಮೊದಲು, ಅದರಲ್ಲಿ ರಾಜಿ ಇಲ್ಲ ಎಂದೂ ಹೇಳಿದೆ.

ಸರ್ಜನ್‌ಗೆ ಕೇಳಬೇಕಾದ್ದನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಲು ಹೇಳಿದೆ. ಗಡ್ಡೆ ಎಲ್ಲಿದೆ? ಗರ್ಭಕೋಶ, ಅಂಡಾಶಯ, ಯೋನಿಯ ಗೋಡೆ, ನರ ಉಳಿಸಬಹುದಾ? ಆಗದಿದ್ದರೆ ಯಾಕೆ? ನೀವು ಇಂಥ ಆಪರೇಷನ್ ಮಾಡುತ್ತೀರಾ, ಇಲ್ಲವಾದರೆ ಮಾಡುವವರ ಅಭಿಪ್ರಾಯ ಕೇಳಬಹುದಾ? ಆಕೆ ಎಲ್ಲ ಬರೆದರು. ‘ಲೈಂಗಿಕ’ ಅನ್ನೋ ಪದ ಮಾತ್ರ ಬರೆದು ಹೊಡೆದುಹಾಕಿದರು, ಆಮೇಲೆ ಮತ್ತೆ ಬರೆದರು.

ಗಂಡ ವಾಪಸ್ ಬಂದ ಮೇಲೆ, ಆಕೆ ಒಪ್ಪಿದ್ದರಿಂದ, ಅವರ ಮುಂದೆಯೇ ಮಾತಾಡಿದೆವು. ಕಾಯಿಲೆ ಗೊತ್ತಾದಾಗಿನಿಂದ ಅವರು ಹಾಲ್‌ನಲ್ಲಿ ಮಲಗುತ್ತಿದ್ದರು. ‘ಮುಟ್ಟಿದರೆ ನೋವಾಗುತ್ತೆ ಅಂತ’ ಎಂದರು. ಗಂಡನಿಗೆ ತನ್ನ ಮೇಲೆ ಅಸಹ್ಯ ಬಂದಿದೆ ಎಂದು ಆಕೆ ತಿಳಿದಿದ್ದರು. ಕ್ಯಾನ್ಸರ್ ಅಂಟುವುದಿಲ್ಲ, ಪಕ್ಕದಲ್ಲಿ ಮಲಗಿ, ಕೈ ಹಿಡಿದುಕೊಳ್ಳಿ, ಇವತ್ತಿಂದಲೇ ಎಂದೆ.

ಆಕೆಯ ಗಡ್ಡೆ ಮೇಲ್ಭಾಗದಲ್ಲಿತ್ತು. ಚೀಟಿ ನೋಡಿದ ಸರ್ಜನ್ ಇವನ್ನೆಲ್ಲ ಉಳಿಸಲು ಒಪ್ಪಿದರು. ಒಳಗೆ ಗಡ್ಡೆ ಇವಕ್ಕೆ ಅಂಟಿಕೊಂಡಿರುವುದು ಕಂಡರೆ ತೆಗೆಯುವೆ ಎಂಬ ಷರತ್ತಿತ್ತು. ಹಾಗೇನೂ ಕಾಣಲಿಲ್ಲ.

ಆಪರೇಷನ್ ಆದ ಮೇಲೆ ಮತ್ತೆ ಬಂದಾಗ ಕೊಟ್ಟ ಸಲಹೆ ಇಷ್ಟು. ಗಾಯ ಮಾಯಲು ಸಾಮಾನ್ಯವಾಗಿ 6ರಿಂದ 8 ವಾರ ಬೇಕು, ಸರ್ಜನ್ ಪರೀಕ್ಷಿಸಿ ಹೇಳುವ ತನಕ ಸಂಭೋಗ ಬೇಡ. ಶುರು ಮಾಡುವಾಗ ನೀರಿನಂಶದ ಲೂಬ್ರಿಕೆಂಟ್ (ಜಾರುವಂತೆ ಮಾಡುವ ಜೆಲ್) ಧಾರಾಳವಾಗಿ ಬಳಸಿ. ಮೊದಲು ಚೀಲ ಖಾಲಿ ಮಾಡಿ, ಮೇಲೊಂದು ಬಟ್ಟೆಯ ಪಟ್ಟಿ ಕಟ್ಟಿಕೊಳ್ಳಿ. ಪಕ್ಕಕ್ಕೆ ಮಲಗಿದರೆ ಹೊಟ್ಟೆ ಮೇಲೆ ಭಾರ ಬೀಳುವುದಿಲ್ಲ. ನೋವಾದರೆ ಹಲ್ಲು ಕಚ್ಚಿ ಸಹಿಸಬೇಡಿ. ನಿಲ್ಲಿಸಿ, ಡಾಕ್ಟರಿಗೆ ಹೇಳಿ. ಯೋನಿಯನ್ನು ನಿಧಾನವಾಗಿ ಹಿಗ್ಗಿಸುವ ಡೈಲೇಟರ್ ಇದೆ, ಕೆಳಹೊಟ್ಟೆಯ ತಳದ ಸ್ನಾಯುಗಳಿಗೆ ಮಾಡಿಸುವ ಪೆಲ್ವಿಕ್ ಫಿಸಿಯೋಥೆರಪಿ ಇದೆ. ನರ ಚೇತರಿಸಿಕೊಳ್ಳಲು ತಿಂಗಳುಗಳೇ ಹಿಡಿಯಬಹುದು. ಅಲ್ಲಿಯವರೆಗೆ ಮುತ್ತು, ಅಪ್ಪುಗೆ, ಕೈಯ ಸ್ಪರ್ಶಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.